ಫೋನ್ ಕಡಿಮೆ ಆಯ್ತು, ಸ್ವಂತ ಯೋಚನೆ ಇನ್ನೂ ಮರಳಿಲ್ಲ: ಮುಂದಿನ ಕೆಲಸ ಏನು?

ಬನವಾಸಿ ರಸ್ತೆ (ಶಿರಸಿ)

ರೀಲ್ಸ್, ಶಾರ್ಟ್ಸ್, ವಾಟ್ಸಾಪ್ ಗುಂಪು ಅಂತ ದಿನಕ್ಕೆ ನಾಲ್ಕೈದು ತಾಸು ಕಳೆಯುತ್ತಿದ್ದವರು ಅದನ್ನು ಒಂದು ತಾಸಿಗೆ ಇಳಿಸಿದ ಮೇಲೂ ಎರಡು ತೊಂದರೆ ಹಾಗೇ ಉಳಿಯುತ್ತವೆ. ಪುಸ್ತಕ ಹಿಡಿದರೆ ಎರಡನೇ ಪುಟಕ್ಕೇ ಕಣ್ಣು ಜಾರುತ್ತದೆ. ಇನ್ನೊಂದು, ಅಡಿಕೆ ದರದ ಮಾತಿರಲಿ, ನದಿ ಜೋಡಣೆಯ ಮಾತಿರಲಿ, "ನಿನಗೆ ಎಂತ ಅನಿಸ್ತು?" ಎಂದು ಯಾರಾದರೂ ಕೇಳಿದರೆ ಬಾಯಿಗೆ ಬರುವುದು ಬೆಳಿಗ್ಗೆ ಗುಂಪಿನಲ್ಲಿ ಓದಿದ ಸಾಲು. ಪರೀಕ್ಷೆಗೆ ಓದುವ ಹುಡುಗರಲ್ಲೂ ತೋಟದವರಲ್ಲೂ ಇದು ಒಂದೇ ರೀತಿ ಕಾಣುತ್ತಿದೆ. ಆ್ಯಪ್ ತೆಗೆಯಿರಿ ಎಂಬ ಸಲಹೆ ಬೇಕಾದಷ್ಟಿದೆ. ತೆಗೆದ ಮೇಲೆ ಮಾಡಬೇಕಾದ್ದೇನು? ತಿಳಿದವರು ಹಂತ, ಸಮಯ, ಎಲ್ಲಿ ತಪ್ಪುತ್ತದೆ, ಎಂತಕ್ಕೆ ತಪ್ಪುತ್ತದೆ ಎಲ್ಲ ಬಿಡಿಸಿ ಬರೆಯಿರಿ.

ಸೊಪ್ಪಿನಬೆಟ್ಟ (ಸಿದ್ದಾಪುರ)

ಇಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ, ಜನ ಒಂದನ್ನೇ ಮಾಡಿ ನಿಲ್ಲಿಸುತ್ತಾರೆ. ಒಳಗೆ ಬರುವುದನ್ನು ತಡೆಯುವುದು ಮೊದಲನೆಯದು. ಒಳಗಿನಿಂದ ಹೊರಗೆ ತರುವುದು ಎರಡನೆಯದು. ತೋಟಕ್ಕೆ ನುಗ್ಗುವ ನೀರಿಗೆ ಕಟ್ಟೆ ಹಾಕಿದ ಮಾತ್ರಕ್ಕೆ ಫಸಲು ಬರುವುದಿಲ್ಲವಲ್ಲ, ಹಾಗೆ. ನಾನು ಮೊದಲನೆಯದನ್ನು ಬರೆಯುತ್ತೇನೆ, ಎರಡನೆಯದನ್ನು ಬಲ್ಲವರು ಇಲ್ಲಿದ್ದಾರೆ.

ಮೊದಲು ಶತ್ರುವಿನ ಸ್ವಭಾವ ತಿಳಿಯಬೇಕು. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ಏಜಾ ರಾಸ್ಕಿನ್ ರೂಪಿಸಿದರು. ಅದರಿಂದಾದ ನಷ್ಟದ ಬಗ್ಗೆ ಆಮೇಲೆ ಅವರೇ ಬಹಿರಂಗವಾಗಿ ಮಾತಾಡಿದ್ದಾರೆ. ಪುಟದ ತುದಿ ಎಂಬುದು ಇದ್ದಾಗ ಅಲ್ಲಿ ಒಂದು ಕ್ಷಣ ನಿಂತು "ಸಾಕಾ, ಬೇಕಾ" ಎಂದು ಕೇಳಿಕೊಳ್ಳುವ ಜಾಗ ಇತ್ತು. ಆ ಜಾಗವೇ ಹೋಯಿತು. ನಮ್ಮ ದೇಶದಲ್ಲಿ 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಬಂತು. ಒಂದು ಬಾಗಿಲು ಮುಚ್ಚಿದ ಮೂರು ತಿಂಗಳೊಳಗೆ ಎರಡು ತೆರೆದವು. ಹತ್ತು ವಿಡಿಯೊಗಳಲ್ಲಿ ಯಾವುದೋ ಒಂದು ಚೆನ್ನಾಗಿರುತ್ತದೆ, ಅದು ಎಷ್ಟನೆಯದು ಎಂದು ಮೊದಲೇ ಗೊತ್ತಾಗುವುದಿಲ್ಲ. ಬಿಡಲಾಗದಂತೆ ಹಿಡಿಯುವುದು ಈ ಅನಿಶ್ಚಿತತೆ.

ಈಗ ಸೆಟ್ಟಿಂಗ್. ಯೂಟ್ಯೂಬ್‌ನಲ್ಲಿ ಸೆಟ್ಟಿಂಗ್ಸ್, ಮ್ಯಾನೇಜ್ ಆಲ್ ಹಿಸ್ಟರಿ, ಕಂಟ್ರೋಲ್ಸ್; ಅಲ್ಲಿ ಯೂಟ್ಯೂಬ್ ಹಿಸ್ಟರಿಯನ್ನು ಟರ್ನ್ ಆಫ್ ಮಾಡಿ. ಇಷ್ಟಕ್ಕೇ ನಿಲ್ಲಿಸಿದರೆ ಹಳೆ ಇತಿಹಾಸ ಹಿಡಿದುಕೊಂಡು ಶಿಫಾರಸು ಬರುತ್ತಲೇ ಇರುತ್ತದೆ. ಅದೇ ಜಾಗದಲ್ಲಿ ಹಳೆಯದನ್ನೂ ಪೂರ್ತಿ ಅಳಿಸಬೇಕು. 2023ರ ಆಗಸ್ಟ್‌ನಿಂದ ಈಚೆಗೆ, ಇತಿಹಾಸ ಬಂದಾಗಿದ್ದು ಹಳೆಯದೂ ಉಳಿದಿಲ್ಲದಿದ್ದರೆ ಹೋಮ್ ಪುಟ ಖಾಲಿ ಬರುತ್ತದೆ. ಹುಡುಕಾಟ ಮತ್ತು ಸಬ್‌ಸ್ಕ್ರಿಪ್ಷನ್ ಎಂದಿನಂತೆ ನಡೆಯುತ್ತವೆ. ಅಂದರೆ ಕೇಳಿದ್ದು ಸಿಗುತ್ತದೆ, ಕೇಳದ್ದು ಹೋಮ್ ಪುಟಕ್ಕೆ ಬರುವುದಿಲ್ಲ. ಇದಕ್ಕಿಂತ ಹೆಚ್ಚು ಲಾಭದ ಎರಡು ನಿಮಿಷದ ಕೆಲಸ ನನಗೆ ಗೊತ್ತಿಲ್ಲ.

ವಾಟ್ಸಾಪ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ ಒಳಗೆ ಮೀಡಿಯಾ ಆಟೊ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಟಿಕ್ ತೆಗೆಯಿರಿ. ಗುಂಪುಗಳನ್ನೆಲ್ಲ ಆರ್ಕೈವ್‌ಗೆ ತಳ್ಳಿ, ಕೀಪ್ ಚಾಟ್ಸ್ ಆರ್ಕೈವ್ಡ್ ಆನ್ ಇಡಿ. ಇಲ್ಲದಿದ್ದರೆ ಹೊಸ ಮೆಸೇಜ್ ಬಂದ ಕೂಡಲೇ ಗುಂಪು ಮತ್ತೆ ಮೇಲೆ ಬಂದು ಕೂರುತ್ತದೆ. ಮನೆಯವರು, ಹಾಲಿನ ಡೇರಿ, ಕರೆಂಟಿನ ಲೈನ್‌ಮನ್ ಇರುವ ಗುಂಪು ಮಾತ್ರ ಹೊರಗಿರಲಿ.

ಆ್ಯಪ್ ಟೈಮರ್ ನೆಚ್ಚಬೇಡಿ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಟೈಮರ್ ನಡುರಾತ್ರಿ ಹೊಸದಾಗಿ ಶುರುವಾಗುತ್ತದೆ. ರಾತ್ರಿ ಹನ್ನೊಂದೂವರೆಗೆ ಮಿತಿ ಮುಗಿದವರಿಗೆ ಅರ್ಧ ತಾಸು ಕಳೆದರೆ ಇನ್ನೊಂದು ದಿನದ ಪಾಲು ಕೈಗೆ ಸಿಕ್ಕಿಬಿಡುತ್ತದೆ, ಅದೂ ಮನಸ್ಸು ಅತಿ ದುರ್ಬಲವಾಗಿರುವ ಹೊತ್ತಿಗೆ. ಆ್ಯಪ್ ತೆಗೆದುಹಾಕಿ ಬ್ರೌಸರ್‌ನಲ್ಲಿ ನೋಡಿ, ನೋಡಿದ ಮೇಲೆ ಪ್ರತಿ ಸಲ ಲಾಗೌಟ್ ಆಗಿ. ಪಾಸ್‌ವರ್ಡ್ ಒತ್ತುವ ಆ ಇಪ್ಪತ್ತು ಸೆಕೆಂಡ್‌ಗಳಲ್ಲಿ "ಈಗ ಎಂತಕ್ಕೆ?" ಎಂಬ ಪ್ರಶ್ನೆಗೆ ಮತ್ತೆ ಜಾಗ ಸಿಗುತ್ತದೆ.

ಬೈತಖೋಲ್ ಧಕ್ಕೆ (ಕಾರವಾರ)

ಸೊಪ್ಪಿನಬೆಟ್ಟದ ಅಣ್ಣ ಹೇಳಿದ ಸೆಟ್ಟಿಂಗ್‌ಗಳು ಸರಿ. ಆದರೆ ಕಡಲಿಗೆ ಹೋಗುವವರ ಫೋನಿನಲ್ಲಿ ಹವಾಮಾನದ ಎಚ್ಚರಿಕೆ, ಮೀನಿನ ದರ, ಬೋಟ್ ಮಾಲೀಕರ ಕರೆ ಎಲ್ಲ ಇರುತ್ತವೆ. ಫೋನ್ ದೂರ ಎಸೆಯುವ ಸಲಹೆ ಇಲ್ಲಿ ನಡೆಯುವುದಿಲ್ಲ. ನಡೆಯುವುದು, ಅದಕ್ಕೊಂದು ಜಾಗ ಗೊತ್ತು ಮಾಡುವುದು.

ಚಾರ್ಜರ್ ಮಲಗುವ ಕೋಣೆಯಲ್ಲಿ ಬೇಡ, ಜಗಲಿಯಲ್ಲೋ ಮುಂಬಾಗಿಲ ಹತ್ತಿರವೋ ಇರಲಿ. ರಿಂಗ್ ದೊಡ್ಡದಾಗಿರಲಿ, ಕರೆ ಬಂದರೆ ಎದ್ದು ಹೋಗಿ ನಿಂತೇ ಮಾತಾಡಿ. ಕೂತರೆ ಬೆರಳು ತಾನಾಗಿ ಓಡುತ್ತದೆ. ಬೆಳಗಿನ ಅಲಾರಾಂಗೆ ಬೇರೆ ಗಡಿಯಾರ ಬೇಕೇ ಬೇಕು. "ಅಲಾರಾಂಗೆ ಅಂತ ಹತ್ತಿರ ಇಟ್ಟಿದ್ದೆ" ಎಂಬಲ್ಲಿಂದಲೇ ಅರ್ಧ ಜನರ ಕ್ರಮ ಕೆಡುವುದು.

ಫೋನ್ ಬೋರಲು ಮಲಗಿಸಿದರೆ ಸಾಕಾಗುವುದಿಲ್ಲವೇ ಎಂದು ಕೇಳುತ್ತಾರೆ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಮೇಜಿನ ಮೇಲೆ, ಚೀಲದೊಳಗೆ, ಬೇರೆ ಕೋಣೆಯಲ್ಲಿ ಎಂದು ಮೂರು ಕಡೆ ಫೋನ್ ಇಡಿಸಿ ಜನರಿಗೆ ಪರೀಕ್ಷೆ ಕೊಟ್ಟರು. ಬೇರೆ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಚೆನ್ನಾಗಿ ಮಾಡಿದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲಿ ಫಲ ಅಷ್ಟೇ ದೊಡ್ಡದಾಗಿ ಬರಲಿಲ್ಲ. ಆದರೂ ಖರ್ಚಿಲ್ಲದ ಕೆಲಸ, ಮಾಡಲು ಅಡ್ಡಿ ಏನೂ ಇಲ್ಲ.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಹೊರಗೆ ಮಳೆ, ಒಳಗೆ ಬಿಡುವು. ವರ್ಷದಲ್ಲಿ ಫೋನ್ ಅತಿ ಹೆಚ್ಚು ತಿನ್ನುವುದು ಈ ಎರಡು ತಿಂಗಳನ್ನೇ. ಕ್ರಮ ಶುರುಮಾಡಲು ಒಳ್ಳೆ ಹೊತ್ತೂ ಇದೇ. ಬಲೆ ರಿಪೇರಿ ಹೇಗೂ ಇರುತ್ತದೆ. ಕೈ ಒಂದೇ ಲಯದಲ್ಲಿ ನಡೆಯುತ್ತಿರುವಾಗ ತಲೆ ತನ್ನಷ್ಟಕ್ಕೆ ಯೋಚಿಸುತ್ತದೆ. ಆದರೆ ಎಲ್ಲರ ಕಿವಿಯಲ್ಲೂ ಈಗ ಇಯರ್‌ಫೋನ್. ಪೂರ್ತಿ ತೆಗೆಯಿರಿ ಎಂದರೆ ಯಾರೂ ಕೇಳುವುದಿಲ್ಲ. ಮೊದಲ ಒಂದು ತಾಸು ಮಾತ್ರ ಬೇಡ ಎಂದು ಗೊತ್ತು ಮಾಡಿಕೊಳ್ಳಿ.

ಯಾಣದ ದಾರಿ (ಕುಮಟಾ)

ಬೈತಖೋಲ್ ಅಣ್ಣನ ಮಾತಿಗೆ ಒಂದು ಸೇರಿಸುವೆ. ಘಟ್ಟದ ಮೇಲಿನ ಸೀಮೆಯಲ್ಲಿ ಮೆಟ್ಟುಗತ್ತಿ ಎದುರು ಕೂತು ಅಡಿಕೆ ಸುಲಿಯುವವರಿಗೂ ಇದೇ ಕ್ರಮ ಹೊಂದುತ್ತದೆ. ಆದರೆ ಖಾಲಿ ತಲೆಯಲ್ಲಿ ಕೂತರೆ ಹಳೆ ಜಗಳ, ಸಾಲದ ಚಿಂತೆ ಇವೇ ಸುತ್ತುತ್ತವೆ, ಇಪ್ಪತ್ತು ನಿಮಿಷಕ್ಕೇ ಫೋನ್ ಬೇಕೆನಿಸುತ್ತದೆ. ಕೂರುವ ಮೊದಲೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಬೇಕು. ಪ್ರಶ್ನೆ ಸಣ್ಣದಿರಲಿ, ಉತ್ತರ ಬರುವಂಥದ್ದಿರಲಿ. "ಜೀವನದಲ್ಲಿ ಮುಂದೇನು" ಎಂಬುದು ನಡೆಯುವುದಿಲ್ಲ. "ಈ ವರ್ಷ ಅಡಿಕೆ ಹಣ್ಣಾದ ಮೇಲೆ ಒಣಗಿಸಿ ಚಾಲಿ ಮಾಡುವುದೋ, ಹಸಿಯಲ್ಲೇ ಬೇಯಿಸಿ ಕೆಂಪು ಮಾಡುವುದೋ, ನಮ್ಮ ಆಳು-ಕಟ್ಟಿಗೆ-ಒಣಗಿಸುವ ಜಾಗದ ಲೆಕ್ಕಕ್ಕೆ ಯಾವುದು ಸರಿ" ಎಂಬುದು ನಡೆಯುತ್ತದೆ. ಏಳುವಾಗ ಅದೇ ಚೀಟಿಯ ಹಿಂದೆ ಎರಡು ಸಾಲು ಬರೆಯಿರಿ. ಬರೆಯದಿದ್ದರೆ ಆ ತಾಸು ಎಲ್ಲಿ ಹೋಯಿತು ಎಂದೇ ತಿಳಿಯದು.

ಓದಿನ ಬಗ್ಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಜನ ಪರದೆಯ ಮೇಲೆ ಒಂದು ಕಡೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಬಹಳ ವರ್ಷ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇದ್ದದ್ದು ಈಚಿನ ಅಳತೆಗಳಲ್ಲಿ ಸುಮಾರು 47 ಸೆಕೆಂಡ್‌ಗೆ ಇಳಿದಿದೆ. ಇಷ್ಟಕ್ಕೆ ಒಗ್ಗಿದ ಕಣ್ಣಿಗೆ ಮೊದಲ ದಿನವೇ ಮೂವತ್ತು ಪುಟ ಕೊಟ್ಟರೆ ಸೋಲುವುದು ಖಂಡಿತ.

ದಿನಕ್ಕೆ ಎರಡು ಪುಟದಿಂದ ಹಿಡಿಯಿರಿ. ಅಚ್ಚಾದ ಕಾಗದ, ಕೈಯಲ್ಲಿ ಪೆನ್ಸಿಲ್. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಆ ಪುಟ ಏನು ಹೇಳಿತು ಎಂದು ಒಂದು ವಾಕ್ಯ ಬಾಯಿಬಿಟ್ಟು ಹೇಳಿ. ಬರಲಿಲ್ಲವೋ, ಅದೇ ಪುಟ ಇನ್ನೊಮ್ಮೆ. ಮುಂದಕ್ಕೆ ಹೋಗಬೇಡಿ. ಮುಚ್ಚಿ ಹೇಳುವುದು ಎಂತಕ್ಕೆ ಮುಖ್ಯ ಎಂದರೆ, ಮತ್ತೆ ಮತ್ತೆ ಓದಿದವರಿಗಿಂತ ಓದಿ ಮುಚ್ಚಿ ನೆನಪಿಸಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ಉಳಿದಿತ್ತು ಎಂದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದಾರೆ. ತಮಾಷೆ ಎಂದರೆ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಹಾಗಾಗಿ ಮತ್ತೆ ಓದುವುದು ಕಲಿತಂತೆ ಅನಿಸುತ್ತದೆ, ಕಲಿತದ್ದು ಉಳಿಯುವುದು ಮುಚ್ಚಿ ನೆನಪಿಸಿಕೊಂಡಾಗ.

ಎರಡನೇ ವಾರ ನಾಲ್ಕು ಪುಟ, ಮೂರನೇ ವಾರ ಎಂಟು. ಎಂಟರಲ್ಲಿ ಬಹಳ ಜನ ಎಡವುತ್ತಾರೆ. ಆರಕ್ಕೆ ಇಳಿದು ಒಂದು ವಾರ ನಿಂತರೆ ಸರಿಹೋಗುತ್ತದೆ. ಕಾದಂಬರಿಯಲ್ಲಿ ಶುರುಮಾಡಿದವರು ಕಥೆಯ ಓಟಕ್ಕೆ ಪುಟ ಹಾರಿಸುತ್ತಾರೆ, ಆದ್ದರಿಂದ ಮೊದಲ ಎರಡು ವಾರ ಪ್ರಬಂಧವೋ ಪತ್ರಿಕೆಯ ಸಂಪಾದಕೀಯವೋ ಇರಲಿ. ಪುಸ್ತಕ ಕೊಳ್ಳಬೇಕೆಂದಿಲ್ಲ, ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸಿಗುತ್ತದೆ.

ಬನವಾಸಿ ರಸ್ತೆ

ಅಕ್ಕ, ಬಹಳ ಉಪಕಾರ ಆಯ್ತು. ಓದು ಸರಿಹೋದರೂ ಅಭಿಪ್ರಾಯ ಬೇರೆಯವರದ್ದೇ ಆಗಿ ಉಳಿದರೆ ಏನು ಮಾಡುವುದು?

ಮದ್ದಳೆ (ಹೊನ್ನಾವರ)

ಇದಕ್ಕೆ ನಮ್ಮಲ್ಲೇ ಒಂದು ಪಾಠಶಾಲೆ ಇದೆ. ತಾಳಮದ್ದಳೆ.

ಯಕ್ಷಗಾನದ್ದೇ ಒಂದು ರೂಪ, ಕೂತು ಮಾತಾಡುವುದು; ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ ಮೊದಲೇ ಬರೆದದ್ದು, ಎಲ್ಲರಿಗೂ ಒಂದೇ. ಅರ್ಥ ಮಾತ್ರ ಪಾತ್ರವಾಗಿ ಮಾತಾಡುವ ಅರ್ಥಧಾರಿಯದ್ದು, ಅದೂ ಆ ಹೊತ್ತಿಗೆ ಹುಟ್ಟಬೇಕು, ಎದುರಿನವ ಏನು ಕೇಳುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ಫೋನಿನಲ್ಲಿ ಆಗುತ್ತಿರುವುದೇನು ನೋಡಿ: ಸುದ್ದಿಯ ಜೊತೆಯಲ್ಲೇ ಅದರ ಅರ್ಥವೂ ಬಂದುಬಿಡುತ್ತದೆ. ಪದವೂ ಅವರದ್ದು, ಅರ್ಥವೂ ಅವರದ್ದು. ಕೇಳುವವನಿಗೆ ತಲೆಯಾಡಿಸುವ ಕೆಲಸ ಮಾತ್ರ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದು ಕೂತರೆ ಸ್ವಂತದ್ದು ಹುಟ್ಟಲು ಜಾಗವೆಲ್ಲಿ? ಆದ್ದರಿಂದ ಮಾಡಬೇಕಾದ್ದು ಒಂದೇ, ಕ್ರಮ ತಿರುಗಿಸುವುದು. ಮೊದಲು ನಮ್ಮ ಅರ್ಥ, ಆಮೇಲೆ ಬೇರೆಯವರದ್ದು.

ಮನೆಯಲ್ಲಿ ಇಬ್ಬರಿದ್ದರೆ ಸಾಕು, 40 ನಿಮಿಷದ ಕೆಲಸ. ಮೊದಲು ಗೊತ್ತಿರುವ ಸಂದರ್ಭದಲ್ಲಿ ಕೈ ಕುದುರಲಿ. ವಾಲಿ ಬಾಣ ತಿಂದು ಬಿದ್ದಿದ್ದಾನೆ, ಎದುರಿಗೆ ರಾಮ. ಒಬ್ಬರು ವಾಲಿ. ಐದು ನಿಮಿಷ ಬರೆದುಕೊಳ್ಳದೆ ಮಾತಾಡಬೇಕು: ನಿನಗೂ ನನಗೂ ವೈರವಿಲ್ಲ, ಎದುರಿಗೆ ಬರದೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಇನ್ನೊಬ್ಬರು ರಾಮ, ಐದು ನಿಮಿಷ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಶಿಕ್ಷೆ ಕೊಡುವುದು ಅರಸುಕುಲದ ಕರ್ತವ್ಯ. ಇಲ್ಲಿವರೆಗೆ ಎಲ್ಲರೂ ಮಾಡುತ್ತಾರೆ. ಮುಂದಿನದು ಕಷ್ಟ. ಪಾತ್ರ ಅದಲುಬದಲು ಮಾಡಿ ಮತ್ತೆ ಐದೈದು ನಿಮಿಷ, ಆದರೆ ಎದುರಿನವರು ಆಗಲೇ ಹೇಳಿದ ಕಾರಣವನ್ನು ಎತ್ತುವಂತಿಲ್ಲ, ಹೊಸದು ಹುಡುಕಬೇಕು. ವಾಲಿಯಾದವರು ಆಗ ತಡವರಿಸಿ, ಸುಮ್ಮನಾಗಿ, ಆಮೇಲೆ ನಿಧಾನಕ್ಕೆ ಒಂದು ಮಾತು ತೆಗೆಯುತ್ತಾರೆ: "ಶಿಕ್ಷೆಯೇ ಆದರೆ ವಿಚಾರಣೆ ಎಲ್ಲಿ ನಡೆಯಿತು?" ಆ ಸುಮ್ಮನಿದ್ದ ಅರೆ ನಿಮಿಷದಲ್ಲೇ ಯೋಚನೆ ನಡೆದದ್ದು. ಅದನ್ನು ಫೋನ್ ತೆಗೆದು ತುಂಬಿಸಬೇಡಿ, ಎದುರಿನವರೂ ಮಾತು ಎತ್ತಿಕೊಡಬೇಡಿ. ಉಳಿದ 20 ನಿಮಿಷ ಎಲ್ಲಿ ಮಾತು ಬಿದ್ದುಹೋಯಿತು, ಯಾವ ಕಾರಣ ಗಟ್ಟಿ ನಿಂತಿತು ಎಂದು ಇಬ್ಬರೂ ಬಿಡಿಸಿ ನೋಡಬೇಕು.

ವಾರಕ್ಕೆರಡು ಸಲದಂತೆ ಮೂರು ವಾರ ಕಳೆದ ಮೇಲೆ ಊರಿನ ವಿಷಯ ತೆಗೆದುಕೊಳ್ಳಿ. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯನ್ನೇ ಇಟ್ಟುಕೊಳ್ಳೋಣ. ಯಾವುದನ್ನೂ ಓದುವ ಮೊದಲು ಒಂದು ಹಾಳೆಯನ್ನು ಮೂರು ಪಾಲು ಮಾಡಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಹತ್ತು ನಿಮಿಷದಲ್ಲಿ ಗೊತ್ತಿರುವುದನ್ನೆಲ್ಲ ಆ ಮೂರರಲ್ಲಿ ಹಂಚಿ. ಬಹಳ ಜನರ ಹಾಳೆಯಲ್ಲಿ ಮೊದಲ ಪಾಲು ಹೆಚ್ಚುಕಡಿಮೆ ಖಾಲಿ, ಎರಡನೆಯದು ತುಂಬಿರುತ್ತದೆ. "ಕೇಳಿದ್ದು" ಪಾಲಿನ ಪ್ರತಿ ಸಾಲಿನ ಮುಂದೆ ಯಾರಿಂದ ಕೇಳಿದ್ದು ಎಂದು ಬರೆಯಿರಿ. ಐದು ಸಾಲಿಗೂ ಒಂದೇ ಗುಂಪಿನ ಹೆಸರು ಬಂದರೆ ನಿಮ್ಮಲ್ಲಿರುವುದು ಒಂದೇ ಮೂಲ. ಆಮೇಲೆ ಉತ್ತರ ಬೇಕಾದ ಪ್ರಶ್ನೆಗಳನ್ನು ನೀವೇ ಬರೆಯಿರಿ. ಯಾವ ತಿಂಗಳ ನೀರು? ಬೇಸಿಗೆಯಲ್ಲಿ ಹೊಳೆಯಲ್ಲಿ ಎಷ್ಟು ಇರುತ್ತದೆ? ಅಳೆದವರು ಯಾರು? ಕೆಳಗಿನ ಊರುಗಳಿಗೆ, ಅಳಿವೆಗೆ ಏನಾಗುತ್ತದೆ? ವರದಾ ಕಡೆಯವರಿಗೆ ಬೇರೆ ದಾರಿ ಇದೆಯೇ? ಈ ಹಾಳೆ ಮುಗಿದ ಮೇಲೆಯೇ ಫೋನ್ ಮುಟ್ಟುವುದು, ಅದೂ ಪ್ರಶ್ನೆ ಹಿಡಿದುಕೊಂಡು.

ಎಲ್ಲಿ ತಪ್ಪುತ್ತದೆ: ಮೊದಲೇ ಪಕ್ಷ ಹಿಡಿದವರು ಎದುರಿನ ಪಾತ್ರವನ್ನು ಬೇಕೆಂದೇ ಸಪ್ಪೆಯಾಗಿ ಮಾಡುತ್ತಾರೆ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವ ಸೋಲಲಿಕ್ಕೆಂದು ಕೂರುವುದಿಲ್ಲ, ಗೆಲ್ಲುವಂತೆಯೇ ಮಾತಾಡುತ್ತಾನೆ. ಎದುರು ಪಕ್ಷದವರು ಕೇಳಿ "ಹೌದು, ನಮ್ಮ ಮಾತು ಇದೇ" ಎನ್ನುವಷ್ಟು ಚೆನ್ನಾಗಿ ಹೇಳಲು ಬಂದ ಮೇಲೆಯೇ ನಿಮ್ಮ ಪಕ್ಷಕ್ಕೆ ಬೆಲೆ.

ಕಾಳಿ ತೀರ (ಕದ್ರಾ)

ಮದ್ದಳೆ ಭಾವನ ಮೂರು ಪಾಲಿನ ಹಾಳೆ ಬಹಳ ಒಳ್ಳೆಯದು. "ಕೇಳಿದ್ದು" ಎಂಬುದನ್ನು ಪರೀಕ್ಷಿಸುವ ಕ್ರಮವನ್ನು ನಾನು ಬರೆಯುತ್ತೇನೆ.

ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ. 1977ರಲ್ಲಿ ಲಿನ್ ಹ್ಯಾಶರ್ ಮತ್ತು ಸಂಗಡಿಗರು ಎರಡು ವಾರಕ್ಕೊಮ್ಮೆಯಂತೆ ಮೂರು ಸಲ ಜನರಿಗೆ ಹೇಳಿಕೆಗಳನ್ನು ಕೇಳಿಸಿ ಇದನ್ನು ತೋರಿಸಿದರು. ಪುನಃ ಬಂದ ಹೇಳಿಕೆ ಸುಳ್ಳಿದ್ದರೂ ಅದರ ಮೇಲಿನ ನಂಬಿಕೆ ಏರುತ್ತಾ ಹೋಯಿತು. ನಾಲ್ಕು ಗುಂಪಿನಲ್ಲಿ ಬಂದ ಫಾರ್ವರ್ಡ್ ನಾಲ್ಕು ಸಾಕ್ಷಿ ಅಲ್ಲ, ಒಂದೇ ಸಾಕ್ಷಿಯ ನಾಲ್ಕು ನೆರಳು. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬಿಡುತ್ತಾರೆ, ಆ ಕಡಿವಾಣ ಹಾಕಿದ್ದಕ್ಕೆ ಕಾರಣವೂ ಇದೇ.

ಮಳೆಗಾಲದ "ನಾಳೆ ಶಾಲೆಗೆ ರಜೆ" ಆದೇಶ ಬಂದರೆ ನೋಡಬೇಕಾದ್ದು ಮೂರು: ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ತಾರೀಕು, ಇಸವಿ ಸಮೇತ. ಹಿಂದಿನ ವರ್ಷದ ಪತ್ರವೇ ತಿರುಗುವುದು ಹೆಚ್ಚು. ಕದ್ರಾ ಜಲಾಶಯದಿಂದ ನೀರು ಬಿಡುವ ವಿಡಿಯೊ ಬಂದರೆ ಮಾತ್ರ ಉಲ್ಟಾ ಕ್ರಮ. ನದಿ ಪಾತ್ರದವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ಪಂಚಾಯತಿಗೋ ತಹಶೀಲ್ದಾರ್ ಕಚೇರಿಗೋ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಸುಳ್ಳಾದರೆ ಹೋಗುವುದು ಒಂದು ತಾಸು, ನಿಜವಾದರೆ ಜೀವ. ಪರೀಕ್ಷೆ ಎಂದರೆ ಯಾವಾಗಲೂ ಸಂಶಯವೇ ಎಂದಾಗಬಾರದು. ತಪ್ಪಿದರೆ ಏನು ಹೋಗುತ್ತದೆ ಎಂಬುದರ ಮೇಲೆ ಕ್ರಮ ಬದಲಾಗಬೇಕು.

ದೃಶ್ಯದೊಳಗೇ ಸಾಕ್ಷಿ ಇರುತ್ತದೆ. ಕಾರವಾರದ ಕಾಳಿ ಹಳೆ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಸುಕಿಗೆ. ಈ ವರ್ಷದ ಪ್ರವಾಹ ಎಂದು ಬಂದ ವಿಡಿಯೊದಲ್ಲಿ ಹಳೆಯದು, ಹೊಸದು ಎರಡು ಸೇತುವೆಯೂ ಪೂರ್ತಿ ನಿಂತಿದ್ದರೆ ಅದು ಆ ದಿನಕ್ಕಿಂತ ಹಿಂದಿನದು, ಮತ್ತೇನೂ ನೋಡಬೇಕಿಲ್ಲ. ಊರು ಬಲ್ಲವರ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ, ನೋಡುವ ಅಭ್ಯಾಸ ಬೇಕಷ್ಟೆ.

ಜಾಲತಾಣದ ಬರಹವಾದರೆ ಅದೇ ಪುಟದಲ್ಲಿ ಕೂತು ಸತ್ಯ ಹುಡುಕಬೇಡಿ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇತಿಹಾಸಕಾರರು, ವಿದ್ಯಾರ್ಥಿಗಳು, ವೃತ್ತಿಪರ ಸತ್ಯಶೋಧಕರು ಹೇಗೆ ಪರೀಕ್ಷಿಸುತ್ತಾರೆಂದು ಹೋಲಿಸಿದರು. ಮೊದಲಿಬ್ಬರು ಪುಟವನ್ನೇ ಕೆಳತನಕ ಓದಿ ಅದರ ಚಂದಕ್ಕೆ ಮೋಸ ಹೋದರು. ಸತ್ಯಶೋಧಕರು ಕೂಡಲೇ ಹೊರಗೆ ಹೋಗಿ, ಇದನ್ನು ನಡೆಸುವವರು ಯಾರು ಎಂದು ಬೇರೆ ಕಡೆ ಹುಡುಕಿದರು, ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದರು.

ಸೊಪ್ಪಿನಬೆಟ್ಟ

ಕಾಳಿ ತೀರದವರ ಮಾತಿಗೆ ತೋಟದ ಉದಾಹರಣೆ ಒಂದು. "ಅಡಿಕೆಯ ಕೊಳೆರೋಗದ ಔಷಧಿಗೆ ಸುಣ್ಣ ಅರ್ಧ ಸಾಕು" ಎಂಬಂಥ ಸಲಹೆ ಬಂತು ಎಂದಿಟ್ಟುಕೊಳ್ಳಿ. ಇದನ್ನು ಇನ್ನೊಂದು ವಿಡಿಯೊ ನೋಡಿ ತೀರ್ಮಾನಿಸುವುದು ಬೇಡ, ಕೈಯಲ್ಲೇ ಪರೀಕ್ಷೆ ಇದೆ. ಆ ಔಷಧಿ, ಅಂದರೆ ಶೇ. 1ರ ಬೋರ್ಡೊ ದ್ರಾವಣ, ಎಂದರೆ 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್‌ನಲ್ಲಿ ಎರಡನ್ನೂ 50-50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯುವುದು. ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಈಗ ಚೆನ್ನಾಗಿ ಉಜ್ಜಿ ಹೊಳೆಯುವ ಕಬ್ಬಿಣದ ಚೂರಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಛಾಯೆ ಹಿಡಿದರೆ ದ್ರಾವಣದಲ್ಲಿ ತಾಮ್ರ ಇನ್ನೂ ಬಿಡಿಯಾಗಿದೆ, ಅದು ಎಳೆ ಕಾಯಿ, ಸಿಂಗಾರವನ್ನು (ಹೂಗೊಂಚಲನ್ನು) ಸುಡುತ್ತದೆ. ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಬೇಕು, ಅಲಗು ಬೆಳ್ಳಗೆ ಬರುವ ತನಕ. ಸುಣ್ಣ ಅರ್ಧವೇ ಸಾಕೋ ಎಂಬುದನ್ನು ನಿಮ್ಮ ಅಂಗಡಿಯ ಸುಣ್ಣದ ಗುಣಕ್ಕೆ ತಕ್ಕಂತೆ ಆ ಚೂರಿಯೇ ಹೇಳುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು ಎಂಬುದೂ ನೆನಪಿರಲಿ.

ಯಾವ ಸಲಹೆಗೂ "ಇದರ ಚೂರಿ ಯಾವುದು?" ಎಂದು ಕೇಳಿಕೊಳ್ಳಿ. ಕೈಯಲ್ಲಿ ನೋಡುವ ಪರೀಕ್ಷೆ ಇದ್ದರೆ ಮೊದಲು ಅದು.

ಕೆರೆಮನೆ ತಂಗಿ (ಯಲ್ಲಾಪುರ)

ಹಿರಿಯರಿಗೆ ನಮಸ್ಕಾರ. ಕೆಎಎಸ್ ಪರೀಕ್ಷೆಗೆ ಓದುವವರು ಈಗ ಪ್ರಬಂಧ, ಟಿಪ್ಪಣಿ ಎಲ್ಲವನ್ನೂ ಎಐ ಚಾಟ್‌ಬಾಟ್‌ಗೆ ಕೇಳುತ್ತಾರೆ. ಅದೂ ಇದೇ ಜಾತಿಯೋ? ಇನ್ನೊಂದು, ಈ ಕ್ರಮ 21 ದಿನ ಮಾಡಿದರೆ ರೂಢಿಯಾಗುತ್ತದೆ, ಡೋಪಮಿನ್ ಡಿಟಾಕ್ಸ್ ಆಗುತ್ತದೆ ಎನ್ನುತ್ತಾರೆ, ಹೌದೇ?

ಯಾಣದ ದಾರಿ

ತಂಗಿ, 21 ದಿನದ ಲೆಕ್ಕ ನಂಬಿ ಕೂತರೆ 22ನೇ ದಿನ ನಿರಾಸೆಯಾಗುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಮಧ್ಯಮ ಅವಧಿ 66 ದಿನ, ಲೆಕ್ಕ ಹಾಕಿ ಅಂದಾಜಿಸಿದ ವ್ಯಾಪ್ತಿ 18ರಿಂದ 254 ದಿನ. ಸುಲಭದ್ದು ಬೇಗ, ಕಷ್ಟದ್ದು ತಡ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಾಗಲಿಲ್ಲ ಎಂದೂ ಕಂಡಿತು, ಅದನ್ನು ಗಟ್ಟಿಯಾಗಿ ನೆನಪಿಟ್ಟುಕೊ. ಒಂದು ದಿನ ತಪ್ಪಿತೆಂದು ಪೂರ್ತಿ ಬಿಟ್ಟವರೇ ಹೆಚ್ಚು.

ಡೋಪಮಿನ್ ಎಂಬುದು ಬಚ್ಚಲ ಹಂಡೆಯ ನೀರಲ್ಲ, ಖಾಲಿ ಮಾಡಿ ತುಂಬಿಸಲಿಕ್ಕೆ. ಅದು ಮೆದುಳಿನಲ್ಲಿ ಸದಾ ಇರುವ, ನಡೆದಾಡಲಿಕ್ಕೂ ಬೇಕಾದ ವಸ್ತು. ಕೆಲವು ದಿನ ಬಿಟ್ಟಾಗ ಹಗುರವೆನಿಸುವುದಕ್ಕೆ ನಿದ್ದೆ ಸರಿಹೋದದ್ದು, ಕಣ್ಣೆದುರಿನ ಪ್ರಚೋದನೆ ಹೋದದ್ದು ಎಂಬ ಸರಳ ಕಾರಣಗಳೇ ಸಾಕು.

ಮದ್ದಳೆ

ಚಾಟ್‌ಬಾಟ್ ಬಗ್ಗೆ ನಾನು ಹೇಳುತ್ತೇನೆ ತಂಗಿ. ಮೊದಲು ಕೇಳಿದರೆ ಅದೇ ಜಾತಿ, ಕೊನೆಗೆ ಕೇಳಿದರೆ ಒಳ್ಳೆ ಎದುರಾಳಿ. ಪ್ರಶ್ನೆ ಸಿಕ್ಕಿದ ಕೂಡಲೇ ಕೈಬರಹದಲ್ಲಿ ಎಂಟು ಸಾಲು ನಿನ್ನ ಉತ್ತರ ಬರಿ, ಕೆಟ್ಟದಾಗಿದ್ದರೂ ಸರಿ. ಆಮೇಲೆ ಅದನ್ನು ಕೊಟ್ಟು "ಇದರಲ್ಲಿ ದುರ್ಬಲ ಕಾರಣ ಯಾವುದು, ನಾನು ಕೈಬಿಟ್ಟ ಅಂಶ ಯಾವುದು" ಎಂದು ಕೇಳು. "ತಿದ್ದಿ ಬರೆದುಕೊಡು" ಎನ್ನಬೇಡ. ತಿದ್ದಿ ಬಂದದ್ದನ್ನು ಓದಿದರೆ ಅದೇ ನಿನ್ನ ಮಾತೆನಿಸಿ ನಿನ್ನದು ಮರೆತುಹೋಗುತ್ತದೆ. ಅದು ಕೊಟ್ಟ ಇಸವಿ, ಅಂಕಿ, ಹೆಸರು, ಕಾಯ್ದೆಯ ಕಲಂ ಇವನ್ನು ಮೂಲದಲ್ಲಿ ನೋಡದೆ ಟಿಪ್ಪಣಿಗೆ ಹಾಕಬೇಡ. ಸುಳ್ಳನ್ನೂ ಅದು ನಿಜದಷ್ಟೇ ನಯವಾದ ಕನ್ನಡದಲ್ಲಿ ಹೇಳುತ್ತದೆ.

ಬೈತಖೋಲ್ ಧಕ್ಕೆ

ಮನೆಯ ಹಿರಿಯರ ವಿಷಯ ಯಾರೂ ಎತ್ತಲಿಲ್ಲ. ಅಜ್ಜ ಅಜ್ಜಿಯರು ಮನೆಮದ್ದಿನ ವಿಡಿಯೊ ನೋಡಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದು ಅಪಾಯದ ಸಂಗತಿ. "ಅದು ಸುಳ್ಳು" ಎಂದು ಎದುರಾಡಿದರೆ ಹಟ ಹೆಚ್ಚುತ್ತದೆ. "ಅಜ್ಜ, ಇದನ್ನು ಹೇಳಿದವರು ಎಲ್ಲಿನ ಡಾಕ್ಟರು? ನಮ್ಮ ಡಾಕ್ಟರಿಗೂ ಒಮ್ಮೆ ತೋರಿಸುವನಾ?" ಎಂದು ಜೊತೆಗೆ ಕೂತು ಕೇಳಿ. ಮಾತ್ರೆ ಮಾತ್ರ ಆ ತನಕ ನಿಲ್ಲದಂತೆ ನೋಡಿಕೊಳ್ಳಿ. ಅವರ ಫೋನಿನಲ್ಲಿ ಯೂಟ್ಯೂಬ್ ಇತಿಹಾಸವನ್ನು ಅವರನ್ನು ಕೇಳಿಯೇ ಬಂದ್ ಮಾಡಿ, ಅವರು ನಿತ್ಯ ನೋಡುವ ಯಕ್ಷಗಾನ, ಭಜನೆಯ ಚಾನೆಲ್‌ಗಳನ್ನು ಸಬ್‌ಸ್ಕ್ರೈಬ್ ಮಾಡಿಕೊಡಿ.

ಬನವಾಸಿ ರಸ್ತೆ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಮೊದಲ ವಾರದ ಚಡಪಡಿಕೆಗೆ ಏನು ಮಾಡಬೇಕು? ಫೋನನ್ನು ಕಪ್ಪುಬಿಳುಪು ಮಾಡಿದರೆ ಪ್ರಯೋಜನ ಇದೆಯೇ?

ಯಾಣದ ದಾರಿ

ಚಡಪಡಿಕೆ ಅಲೆಯಂತೆ ಬರುತ್ತದೆ, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಎದ್ದು ನೀರು ಕುಡಿದು ಅಂಗಳಕ್ಕೆ ಹೋಗಿ ಬನ್ನಿ. ಫೋನಿನ ಬದಲು ಟಿವಿಯನ್ನೋ ಪಾಡ್‌ಕಾಸ್ಟನ್ನೋ ಹಾಕಿಕೊಂಡರೆ ಚಟ ಮನೆ ಬದಲಿಸುತ್ತದೆ ಅಷ್ಟೆ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದು ಫೋನಿನ ವಿಷಯ ಮಾತ್ರ ಆಗಿರಲಿಕ್ಕಿಲ್ಲ. ವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸೊಪ್ಪಿನಬೆಟ್ಟ

ಕಪ್ಪುಬಿಳುಪಿನಿಂದ ಪ್ರಯೋಜನ ಇದೆ, ರೀಲ್ಸ್‌ನ ಸೆಳೆತ ಕಮ್ಮಿಯಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅಕ್ಸೆಸಿಬಿಲಿಟಿ ಒಳಗೆ ಕಲರ್ ಕರೆಕ್ಷನ್, ಗ್ರೇಸ್ಕೇಲ್. ಆದರೆ ತೋಟದವರು ರೋಗ ಬಿದ್ದ ಎಲೆಯ ಫೋಟೊ, ಕೆಂಪಡಿಕೆಯ ಬಣ್ಣ ನೋಡಬೇಕಾಗುತ್ತದೆ. ಆಗ ಬಣ್ಣ ಹಾಕಿ, ಮತ್ತೆ ತೆಗೆಯಲು ಮರೆತು, ನಾಲ್ಕೇ ದಿನಕ್ಕೆ ಕ್ರಮ ಬಿಟ್ಟುಹೋಗುತ್ತದೆ. ಅದಕ್ಕೆ ಅಲ್ಲೇ ಇರುವ ಶಾರ್ಟ್‌ಕಟ್ ಆನ್ ಮಾಡಿ. ಐಫೋನ್‌ನಲ್ಲಾದರೆ ಅಕ್ಸೆಸಿಬಿಲಿಟಿ ಶಾರ್ಟ್‌ಕಟ್‌ಗೆ ಕಲರ್ ಫಿಲ್ಟರ್ಸ್ ಜೋಡಿಸಿದರೆ ಬದಿಯ ಗುಂಡಿ ಮೂರು ಸಲ ಒತ್ತಿದಾಗ ಬಣ್ಣ ಬಂದು, ಮತ್ತೆ ಮೂರು ಸಲ ಒತ್ತಿದರೆ ಹೋಗುತ್ತದೆ.